ಒಂಬತ್ತು ರೋಲು ಹಿಮ

ಒದ್ದೆ ಉಣ್ಣೆಯ ಕೈಗವಸು ಹೀಟರಿನ ಬಿಸಿಗಾಳಿಗೆ ಒಣಗುವಾಗ ಒಂದು ವಾಸನೆ ಬರುತ್ತದೆ. ನೆನೆದ ಕಂಬಳಿಯದ್ದೂ ಅಲ್ಲ, ಒದ್ದೆ ನಾಯಿಯದ್ದೂ ಅಲ್ಲ, ಎರಡರ ನಡುವಿನದು. ಆ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಕಳೆದ ಡಿಸೆಂಬರಿನಲ್ಲಿ ನಾನೀಗ ಇರುವ ಇಟಾಸ್ಕಾದಿಂದ ಡೆಟ್ರಾಯ್ಟ್ ಬಳಿಯ ಟ್ರಾಯ್‌ಗೆ, ಮಗ ಮಧುವಿನ ಮನೆಗೆ ಹೋಗಿದ್ದೆ. ಮೊಮ್ಮಕ್ಕಳು ಹಿಂದಿನ ಅಂಗಳದ ಹಿಮದಲ್ಲಿ ಹೊರಳಾಡುತ್ತಿದ್ದರು. ಮಧು ಮನೆಯೊಳಗಿನ ಚಪ್ಪಲಿಯಲ್ಲೇ ಬಾಗಿಲ ಬಳಿ ನಿಂತು, ಕಾಫಿ ಕುಡಿಯುತ್ತಲೇ, ಒಂದೇ ಕೈಯಲ್ಲಿ ಫೋನು ಹಿಡಿದು ನಲವತ್ತು ಫೋಟೋ ತೆಗೆದ. ಮುಖ ಮುಖದ ಹಾಗೆ, ಹಿಮ ಹಿಮದ ಹಾಗೆ ಬಂದಿತ್ತು. ನೋಡಿ ನನಗೆ ಹೊಟ್ಟೆ ಉರಿಯಿತು. ಇದೇ ಊರಿನಲ್ಲಿ, ಇಲ್ಲಿಂದ ಮೂರು ಮೈಲಿ ದೂರದ ಬಾಡಿಗೆ ಮನೆಯ ಅಂಗಳದಲ್ಲಿ, ಇದೇ ಮಧುವಿನ ಒಂದು ಫೋಟೋಕ್ಕಾಗಿ ನಾನು ಇಡೀ ಒಂದು ಚಳಿಗಾಲ ಒದ್ದಾಡಿದ್ದೆ.

ಅದು ಎಪ್ಪತ್ತರ ದಶಕದ ನಡುಭಾಗ. ನಾವು ಅಮೆರಿಕಕ್ಕೆ ಬಂದು ಎರಡೂವರೆ ವರ್ಷವಾಗಿತ್ತು. ನಾವು ಎಂದರೆ ನಾನು, ನನ್ನ ಹೆಂಡತಿ ವಿಮಲಾ, ಮಗ ಮಧು. ಮಗಳು ಉಷಾ ಬಂದಿರಲಿಲ್ಲ. ವೀಸಾಕ್ಕೆಂದು ಎಕ್ಸ್‌ರೇ ತೆಗೆಸಿದಾಗ, ಆಗ ಮೂರು ವರ್ಷದವಳಾಗಿದ್ದ ಅವಳ ಎದೆಯಲ್ಲಿ ಸಣ್ಣ ಕಲೆ ಕಂಡಿತು. ಪ್ರೈಮರಿ ಕಾಂಪ್ಲೆಕ್ಸ್, ಮಕ್ಕಳಿಗೆ ಬರುವ ಕ್ಷಯದ ಮೊದಲ ಹಂತ ಎಂದರು. ಔಷಧಿಗೆ ವಾಸಿಯಾಗುವಂಥದ್ದೇ, ಆದರೆ ವಾಸಿಯಾಗುವ ತನಕ ವೀಸಾ ಇಲ್ಲ. ಡೆಟ್ರಾಯ್ಟ್ ಬಳಿ ಕಾರಿನ ಬ್ರೇಕುಗಳ ಡ್ರಾಯಿಂಗ್ ಮಾಡುವ ನನ್ನ ಕೆಲಸ ಅಲ್ಲಿಯವರೆಗೆ ಕಾಯುವಂತಿರಲಿಲ್ಲ. ದಾವಣಗೆರೆಯಲ್ಲಿದ್ದ ವಿಮಲೆಯ ಅಕ್ಕ ಗಿರಿಜಕ್ಕ, "ಆರು ತಿಂಗಳಲ್ವಾ, ನಾನು ನೋಡ್ಕೊಳ್ತೀನಿ, ನೀವು ಹೊರಡ್ರಿ" ಎಂದರು. ಅವರಿಗೆ ಮಕ್ಕಳಿರಲಿಲ್ಲ. ಔಷಧಿ ಮುಗಿಯಿತು, ಮತ್ತೊಂದು ಎಕ್ಸ್‌ರೇ ಆಯಿತು, ಆಮೇಲೆ ಕಾಗದ ಪತ್ರಗಳು ಆಫೀಸಿನಿಂದ ಆಫೀಸಿಗೆ ತಿರುಗಿದವು. ಆರು ತಿಂಗಳು ಹೋಗಿ ಎರಡೂವರೆ ವರ್ಷವಾಯಿತು.

ಆ ನವೆಂಬರಿನಲ್ಲಿ ಎಲ್ಲ ಸರಿಹೋಯಿತು. ಬೇಸಿಗೆಯಲ್ಲಿ ಉಷಾಳನ್ನು ಕಳಿಸಬಹುದು ಎಂಬ ಸುದ್ದಿ ಬಂತು. ಅದರ ಬೆನ್ನಿಗೇ ಗಿರಿಜಕ್ಕನ ಕಾಗದವೂ ಬಂತು. ವಿಮಲಾ ಅದನ್ನು ಅಡುಗೆಮನೆಯಲ್ಲಿ ನಿಂತುಕೊಂಡೇ ಓದಿದಳು, ಓದಿ ನನ್ನ ಕೈಗಿಟ್ಟಳು. "ಅಮೆರಿಕ ಅಂದ್ರೆ ಸಾಕು, ಮಂಚದ ಕೆಳಗೆ ಹೋಗಿ ಕೂತ್ಕೊಳ್ತಾಳೆ. ನಾನು ಬರಲ್ಲ ಅಂತಾಳೆ. ಅಳೋ ಮಗೂನ ಎತ್ತಿ ವಿಮಾನದೊಳಗೆ ತುಂಬಕ್ಕೆ ನನ್ನ ಕೈಲಿ ಆಗಲ್ಲ ವಿಮಲಾ. ಅವಳ ಬಾಯಲ್ಲೇ ಹೋಗ್ತೀನಿ ಅಂತ ಬರಲಿ, ಅವತ್ತು ನಾನೇ ಬಾಂಬೆತನಕ ಬಂದು ಹತ್ತಿಸ್ತೀನಿ. ಇಲ್ಲಾಂದ್ರೆ ಇಲ್ಲೇ ಇರಲಿ ಬಿಡು. ಒಂದೇ ಒಂದು ಸಲ ಆಸೆಯಿಂದ ಕೇಳಿದ್ಲು, ಅಲ್ಲಿ ಮನೆ ಮುಂದೇನೇ ಐಸ್ ಬೀಳ್ತದಂತಲ್ಲ, ತಮ್ಮ ಅದ್ರಾಗೆ ಆಡ್ತಾನಂತಾ ಅಂತ. ಫೋಟೋ ಇದ್ರೆ ಕಳಿಸಿ."

"ಇಲ್ಲೇ ಇರಲಿ ಬಿಡು" ಎಂಬ ಮಾತಿನ ಮೇಲೆ ವಿಮಲೆಯ ಹೆಬ್ಬೆರಳು ಒತ್ತಿದ ಗುರುತಿತ್ತು. ಅಕ್ಕನ ಮೇಲೆ ಅವಳಿಗೆ ಕೋಪವಿರಲಿಲ್ಲ, ಹೆದರಿಕೆಯಿತ್ತು. ನನಗೂ ಇತ್ತು. ಆದರೆ ನಾನು ಎಂಜಿನಿಯರು. ಹೆದರಿಕೆಯಾದರೆ ಏನಾದರೂ ಸಾಮಾನು ಕೊಳ್ಳುವುದು ನನ್ನ ಅಭ್ಯಾಸ. ಅದುವರೆಗೆ ನಮ್ಮ ಮನೆಯಲ್ಲಿ ಕ್ಯಾಮೆರಾ ಇರಲಿಲ್ಲ. ಮುಂದಿನ ಶನಿವಾರವೇ ಡೆಟ್ರಾಯ್ಟ್‌ಗೆ ಡ್ರೈವ್ ಮಾಡಿ, ಒಂದು ಸಣ್ಣ ಫೋಟೋ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡುಬಂದೆ. ಒಳಗೆ ಬೆಳಕು ಅಳೆಯುವ ಮೀಟರಿತ್ತು. ಮುಳ್ಳು ನಡುವೆ ನಿಂತರೆ ಫೋಟೋ ಸರಿ ಎಂದು ಅರ್ಥ. ರೋಲಿನ ಡಬ್ಬಿಯಲ್ಲಿ ಒಂದು ಚೀಟಿಯಿತ್ತು, ಹಿಮವಿದ್ದರೆ ಲೆನ್ಸಿನ ಬಾಯನ್ನು ಎಷ್ಟು ಕಿರಿದು ಮಾಡಬೇಕು ಎಂದು ಚಿತ್ರ ಸಹಿತ ಬರೆದಿದ್ದರು. ಚೀಟಿಯನ್ನು ಬಾಯಿಪಾಠ ಮಾಡಿದೆ.

ಡಿಸೆಂಬರಿನ ಮೊದಲ ದೊಡ್ಡ ಹಿಮ ಭಾನುವಾರ ಬಿತ್ತು. ಫ್ಯಾರನ್‌ಹೀಟ್ ಲೆಕ್ಕದಲ್ಲಿ ಹದಿನೈದು ಡಿಗ್ರಿ, ಕಣ್ಣು ಕುಕ್ಕುವ ಬಿಸಿಲು. ಮಧುವಿಗೆ ಆಗ ನಾಲ್ಕು ತುಂಬುವುದರಲ್ಲಿತ್ತು. ಅವನಿಗೆ ಬನಿಯನ್ನು, ಸ್ವೆಟರು, ಕೋಟು, ಅದರ ಮೇಲೆ ಸ್ಕಾರ್ಫು, ಟೋಪಿ, ಬೂಟು ತೊಡಿಸುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಎಲ್ಲ ಮುಗಿದ ಮೇಲೆ ಅವನಿಗೆ ಒಂದಕ್ಕೆ ಬಂತು. ಮತ್ತೆ ಎಲ್ಲ ಬಿಚ್ಚಿ, ಎಲ್ಲ ತೊಡಿಸಿ, ಹೊರಗೆ ನಿಲ್ಲಿಸಿದರೆ ಮೂಗಿನವರೆಗೆ ಸ್ಕಾರ್ಫು, ಹುಬ್ಬಿನವರೆಗೆ ಟೋಪಿ. ಸ್ಕಾರ್ಫು ಇಳಿಸು ಎಂದೆ. ವಿಮಲಾ ಇಳಿಸಿದಳು. ನಾನು ಮೀಟರಿನ ಮುಳ್ಳು ನೋಡುವಷ್ಟರಲ್ಲಿ ಅವನು ಮತ್ತೆ ಏರಿಸಿಕೊಂಡ. "ಒಂದ್ಸಲ ನಗು ಮರಿ, ಅಕ್ಕ ನೋಡ್ತಾಳೆ" ಎಂದರೆ, "ನೋ ಮೋರ್ ಡ್ಯಾಡಿ, ಮೈ ಫೇಸ್ ಈಸ್ ಕೋಲ್ಡ್" ಎಂದು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ. ನನ್ನ ಬೆರಳುಗಳು ಕೊರಡಾಗಿದ್ದವು. ಗವಸು ಹಾಕಿಕೊಂಡರೆ ಗುಂಡಿ ಸಿಗದು, ತೆಗೆದರೆ ಬೆರಳು ಮಾತು ಕೇಳದು. ಅಂತೂ ಇಂತೂ ರೋಲಿನ ಮೂವತ್ತಾರು ಫೋಟೋಗಳನ್ನೂ ಮುಗಿಸಿದೆ.

ತೊಳೆದು ಪ್ರಿಂಟು ಹಾಕಿ ಕೊಡಲು ಅಂಗಡಿಗೆ ಒಂದು ವಾರ ಬೇಕು. ಆ ಒಂದು ವಾರ ನಾನು ಆಫೀಸಿನಲ್ಲಿ ಎಲ್ಲರಿಗೂ ಫೋಟೋಗ್ರಫಿಯ ಬಗ್ಗೆ ಪಾಠ ಹೇಳಿದೆ. ಪ್ರಿಂಟು ಬಂತು. ಹಿಮ ಒಲೆಯ ಬೂದಿಯ ಬಣ್ಣಕ್ಕಿತ್ತು. ಅದರ ನಡುವೆ ಒಂದು ಕೋಟು, ಕೋಟಿನ ಮೇಲೆ ಟೋಪಿ, ಎರಡರ ಮಧ್ಯೆ ಒಂದು ಕಪ್ಪು ಮುದ್ದೆ.

"ಯಾರ್ರೀ ಇದು?" ಎಂದಳು ವಿಮಲಾ.

"ನಮ್ಮ ಮಧೂನೇ. ಕಣ್ಣು ಸ್ವಲ್ಪ ಕಾಣ್ತಿಲ್ಲ ಅಷ್ಟೆ."

"ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಇನ್ನೇನು ಕಾಣ್ತಿದೆ ಹೇಳಿ."

ತಪ್ಪು ನನ್ನದಲ್ಲವೆಂದೂ ಮುಳ್ಳು ನಡುವೆಯೇ ಇತ್ತೆಂದೂ ವಾದಿಸಿದೆ. ಇದ್ದುದರಲ್ಲೇ ವಾಸಿ ಎನಿಸಿದ ಎರಡನ್ನು ದಾವಣಗೆರೆಗೆ ಕಳಿಸಿದೆ. ಮುಂದಿನ ಭಾನುವಾರ ಹತ್ತಿರದಿಂದ ತೆಗೆದೆ. ನಡುವೆ ಬೆಚ್ಚಗಾಗಲು ಮನೆಯೊಳಗೆ ಹೋಗಿಬಂದದ್ದಕ್ಕೆ ಲೆನ್ಸಿಗೆ ಮಂಜು ಕಟ್ಟಿ ಅರ್ಧ ರೋಲು ಹಾಳಾಯಿತು. ಅದರ ಮುಂದಿನ ರೋಲು ಚಳಿಗೆ ಗಡುಸಾಗಿ, ಸುತ್ತುವಾಗ ಪಟ್ಟನೆ ತುಂಡಾಯಿತು. ನಾನು ಕ್ಯಾಮೆರಾವನ್ನು ಹಿಮದ ಗುಡ್ಡೆಯ ಮೇಲೆ ಒಗೆದೆ. ವಿಮಲಾ ಹೋಗಿ ಎತ್ತಿಕೊಂಡು ಬಂದು, ಸೆರಗಿಲ್ಲದ ಕಾರಣ ತನ್ನ ಸ್ವೆಟರಿನ ತೋಳಿನಿಂದ ಒರೆಸಿದಳು. ಆ ಚಳಿಗಾಲದಲ್ಲೇ ಅವಳು ಒಂದು ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದ್ದಳು, ಪ್ಯಾಂಟು ತೊಡಲು ಶುರುಮಾಡಿದ್ದಳು, ಒಣಗಿಸಲು ಪುರುಸೊತ್ತಿಲ್ಲವೆಂದು ಉದ್ದ ಜಡೆಯನ್ನು ಹೆಗಲ ಮಟ್ಟಕ್ಕೆ ಕತ್ತರಿಸಿಕೊಂಡಿದ್ದಳು. ಮೂರು ವಾರದ ಮೇಲೆ ಗಿರಿಜಕ್ಕನ ಉತ್ತರ ಬಂತು. ಉಷಾ ಫೋಟೋ ನೋಡಿ, "ತಮ್ಮಂಗೆ ಮುಖ ಇಲ್ಲೇನು?" ಎಂದು ಕೇಳಿದ್ದಳಂತೆ.

ಜನವರಿಯಲ್ಲಿ ವಿಮಲಾ ತನ್ನ ಮೊದಲ ಸಂಬಳದಲ್ಲಿ ಉಷಾಳಿಗೊಂದು ಕೋಟು ತಂದಳು. ಕಡು ಕೆಂಪು, ದೊಡ್ಡ ಗುಂಡಿಗಳು, ಟೋಪಿಯ ಅಂಚಿಗೆ ಬಿಳಿ ತುಪ್ಪಳ. ಹೊಸ ಬಟ್ಟೆಗೆ ನಮ್ಮಲ್ಲಿ ಮಾಡುವ ಹಾಗೆ ಕಾಲರಿನ ಒಳಗೆ ಅರಿಶಿನ ಕುಂಕುಮ ಮುಟ್ಟಿಸಿ, ಹ್ಯಾಂಗರಿಗೆ ಹಾಕಿ, ಮಧುವಿನ ಕೋಟಿನ ಪಕ್ಕ ತೂಗುಹಾಕಿದಳು. ಅದನ್ನು ನೋಡುತ್ತಿದ್ದ ಹಾಗೆ ನನಗೆ ಬುದ್ಧಿವಂತಿಕೆ ಹೊಳೆಯಿತು. ಈ ಕೋಟು ಹಿಮದಲ್ಲಿ ಹೇಗೆ ಕಾಣುತ್ತದೆಂದು ಉಷಾ ನೋಡಿದರೆ ಆಸೆಪಟ್ಟು ಬಂದೇ ಬರುತ್ತಾಳೆ. ನಮ್ಮ ಬಡಾವಣೆಯಲ್ಲೇ ವಿಜಾಪುರದ ಡಾಕ್ಟರೊಬ್ಬರಿದ್ದರು. ಅವರ ಮಗಳು ಕವಿತಾ ಹೆಚ್ಚುಕಡಿಮೆ ಉಷಾಳ ವಯಸ್ಸಿನವಳು. ಅವಳಿಗೆ ಕೋಟು ತೊಡಿಸಿ ಮಧುವಿನ ಪಕ್ಕ ನಿಲ್ಲಿಸೋಣ ಎಂದೆ.

ವಿಮಲಾ ಹ್ಯಾಂಗರನ್ನು ಬಿಡಲಿಲ್ಲ. "ಅವಳ ಹೊಸ ಕೋಟು ರೀ. ಮೊದಲು ಅವಳೇ ಹಾಕ್ಕೋಬೇಕು."

"ಹತ್ತು ನಿಮಿಷ. ಸವೆದುಹೋಗುತ್ತಾ?"

"ಸವೆಯೋ ಮಾತಲ್ಲ."

ಏನು ಮಾತು ಎಂದು ನಾನು ಕೇಳಲಿಲ್ಲ. ಫೋನು ಮಾಡಿ ಕರೆದೇಬಿಟ್ಟೆ. ಕವಿತಾಳ ತಾಯಿ ಸರೋಜಾ ಮಗಳನ್ನು ಕರೆತಂದರು. ಎರಡು ಮಕ್ಕಳನ್ನು ನಿಲ್ಲಿಸಿ, ಕೈ ಹಿಡಿಸಿ, ಬಲಕ್ಕೆ ಸರಿ, ಎಡಕ್ಕೆ ಸರಿ, ತಲೆ ಎತ್ತು ಎಂದು ನಾನು ಕೂಗುತ್ತಿದ್ದರೆ, ಸರೋಜಾ ಬಾಗಿಲಲ್ಲಿ ನಿಂತು, "ಎಷ್ಟೊತ್ರೀ ಇನ್ನ? ಕೂಸಿನ ಮೂಗು ಟೊಮ್ಯಾಟೊ ಆಗೇದ ನೋಡ್ರಿ. ನಮ್ಮನಿಯವ್ರು ನೋಡಿದ್ರ ನಿಮ್ಮನ್ನ ಬಿಡಂಗಿಲ್ಲ" ಎನ್ನುತ್ತಿದ್ದರು. ಪ್ರಿಂಟು ಬಂದಾಗ ಮತ್ತದೇ ಕಥೆ. ಮುಖಗಳೆರಡೂ ಕಪ್ಪು. ಆದರೆ ಕೋಟು ಮಾತ್ರ ಏನು ಕೆಂಪು, ಏನು ಚೆಲುವು. ನಮಗೆ ಬೇಕಾದದ್ದು ಕೋಟೇ ಅಲ್ಲವೇ ಎಂದು ಸಮಾಧಾನ ಹೇಳಿಕೊಂಡು, ಫೋಟೋದ ಹಿಂದೆ "ಮಧು, ಮತ್ತು ಉಷಾಳ ಹೊಸ ಕೋಟು" ಎಂದಷ್ಟೇ ಬರೆದು ಲಕೋಟೆಗೆ ಹಾಕಿದೆ. ಕೋಟಿನೊಳಗೆ ಇರುವವರು ಯಾರು ಎಂದು ಬರೆಯಬೇಕೆಂದು ನನ್ನ ತಲೆಗೆ ಹೋಗಲೇ ಇಲ್ಲ. ಇವತ್ತಿಗೂ ಆ ಪೆನ್ನನ್ನು ಮುಚ್ಚಿದ ನನ್ನ ಕೈಯನ್ನು ನೆನೆದರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಫೆಬ್ರವರಿಯ ಕೊನೆಗೆ ಕಾಗದ ಬಂತು, ಚಿಕ್ಕದು. "ಫೋಟೋ ನೋಡಿ ಉಷಾ ಅದನ್ನ ನನ್ನ ಕೈಗೇ ವಾಪಸ್ ಕೊಟ್ಲು. ಆಮೇಲೆ, ಅವರಿಗೆ ಒಬ್ಬಳು ಹುಡುಗಿ ಇದ್ದಾಳಲ್ಲ ದೊಡ್ಡಮ್ಮ, ಕೋಟು ಅವಳಿಗೇ ಇರಲಿ, ನಾನು ಯಾಕೆ ಹೋಗ್ಬೇಕು ಅಂದ್ಲು. ಯಾರದು ಆ ಹುಡುಗಿ? ನಂಗೂ ಮುಖ ಗೊತ್ತಾಗ್ಲಿಲ್ಲ."

ವಿಮಲಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಅವಳು ಕೋಟನ್ನು ತೆಗೆದು ಮಡಚಿ ಸೂಟ್‌ಕೇಸಿನೊಳಗೆ ಇಟ್ಟು ಮುಚ್ಚಳ ಹಾಕಿದಳು. ಶನಿವಾರ ಬೆಳಿಗ್ಗೆ ದಾವಣಗೆರೆಗೆ ಕಾಲ್ ಬುಕ್ ಮಾಡಿ ಫೋನಿನ ಮುಂದೆ ಮೂರು ಗಂಟೆ ಕೂತೆವು. ಗಿರಿಜಕ್ಕನ ಪಕ್ಕದ ಮನೆಯಲ್ಲಿ ಫೋನಿತ್ತು. ಲೈನು ಸಿಕ್ಕಾಗ ಕೇಳಿಸಿದ್ದರಲ್ಲಿ ಅರ್ಧ ಗಾಳಿಯ ಸದ್ದು. ಫೋಟೋದಲ್ಲಿರುವುದು ಇಲ್ಲಿಯ ಡಾಕ್ಟರ ಮಗಳು ಎಂದು ವಿಮಲಾ ಕಿರುಚಿ ಕಿರುಚಿ ಹೇಳಿದಳು. "ನಾನು ಹೇಳ್ತೀನಿ, ಆದ್ರೆ ಅವಳು ನಂಬಬೇಕಲ್ಲ" ಎಂದರು ಗಿರಿಜಕ್ಕ. ಉಷಾ ಫೋನಿನ ಹತ್ತಿರ ಬರಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತಿದ್ದಾಳೆ, ಬಾ ಅಂದ್ರೆ ಬರ್ತಿಲ್ಲ ಎಂದರು. ಅಷ್ಟರಲ್ಲಿ ಲೈನು ಹೋಯಿತು.

ನಾನು ಹಾಳಾದ ಪ್ರಿಂಟುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಂಡು, ಜಗಳವಾಡಲೆಂದೇ ಡೆಟ್ರಾಯ್ಟಿನ ಆ ಅಂಗಡಿಗೆ ಹೋದೆ. ನೀವು ಕೊಟ್ಟ ಮೀಟರು ಕೆಟ್ಟಿದೆ, ನಿಮ್ಮ ಪ್ರಿಂಟು ಕೆಟ್ಟಿದೆ ಎಂದೆ. ಕೌಂಟರಿನ ಹಿಂದೆ ವಾಲ್ಟರ್ ಎಂಬ ಅರವತ್ತರ ಕಪ್ಪು ಮನುಷ್ಯ ಇದ್ದ. ಮೂವತ್ತು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದವನು. ನಾನು ಕೂಗಿ ಮುಗಿಸಿದ ಮೇಲೆ ಪ್ರಿಂಟುಗಳನ್ನು ಒಂದೊಂದಾಗಿ ಸಾಲಾಗಿ ಹರಡಿದ. ಚೀಟಿ ನೋಡಿ ತೆಗೆದೆಯಾ ಎಂದು ಕೇಳಿದ. ಹೌದು, ಚೀಟಿಯಲ್ಲಿರುವ ಹಾಗೇ ಎಂದೆ, ಹೆಮ್ಮೆಯಿಂದಲೇ. ಅವನು ನಕ್ಕ. ಆ ಚೀಟಿ ಬರೆದವನ ಮನೆಯಲ್ಲಿ ನಿನ್ನ ಮಗನಂಥ ಮಗ ಇಲ್ಲ, ನನ್ನ ಮೊಮ್ಮಗಳಂಥ ಮೊಮ್ಮಗಳೂ ಇಲ್ಲ ಎಂದ. ಮೀಟರು ಹಿಮದ ಬೆಳಕನ್ನು ನೋಡಿ ಬೆಚ್ಚಿ ಲೆನ್ಸಿನ ಬಾಯನ್ನು ಕಿರಿದು ಮಾಡಿಸುತ್ತದೆ, ಆ ಕಿರಿದು ಬಾಯಿಗೆ ನಮ್ಮ ಮಕ್ಕಳ ಬಣ್ಣದ ಮುಖ ಸಿಗುವುದಿಲ್ಲ, ಮೀಟರು ಹೇಳಿದ್ದಕ್ಕಿಂತ ಎರಡು ಸ್ಟಾಪು, ಅಂದರೆ ಎರಡು ಹಂತ, ಹೆಚ್ಚು ತೆರೆ ಎಂದ. ಹಾಗೆ ತೆರೆದರೆ ಹಿಮ ಸುಟ್ಟುಹೋಗಿ ಬರೀ ಬಿಳಿ ಕಾಗದ ಉಳಿಯುತ್ತದಲ್ಲ ಎಂದೆ. ಅವನು ಕೌಂಟರಿನ ಗಾಜಿನ ಕೆಳಗಿದ್ದ ಒಂದು ಫೋಟೋವನ್ನು ಬೆರಳಿನಿಂದ ತೋರಿಸಿದ. ಹಲ್ಲು ಬಿದ್ದ ಒಂದು ಹುಡುಗಿ, ಕಣ್ಣಿನ ರೆಪ್ಪೆ ಸಹ ಎಣಿಸಬಹುದು, ಹಿಂದೆ ಏನೂ ಇಲ್ಲ, ಬರೀ ಬಿಳಿ.

"ನಿನಗೆ ಹಿಮ ಬೇಕಾ, ಮಗು ಬೇಕಾ?" ಎಂದ ವಾಲ್ಟರ್. "ಎರಡೂ ಬರಲ್ಲ."

ಹಿಂದಿರುಗುವಾಗ ಹೆದ್ದಾರಿಯಲ್ಲಿ ನಾನು ಇಳಿಯಬೇಕಾದ ಎಕ್ಸಿಟ್ ದಾಟಿ ನಾಲ್ಕು ಮೈಲಿ ಮುಂದೆ ಹೋಗಿಬಿಟ್ಟೆ.

ಇನ್ನೇನು, ಎರಡು ಸ್ಟಾಪು ತೆರೆದು ತೆಗೆದರಾಯಿತು ಎಂದುಕೊಂಡರೆ, ಹಿಮವೇ ಹೊರಟುಹೋಗಿತ್ತು. ಮಾರ್ಚಿನ ಮೊದಲ ವಾರ ನಲವತ್ತೈದು ಡಿಗ್ರಿಗೆ ಏರಿತು. ಅಂಗಳದಲ್ಲಿ ಕಂದು ಹುಲ್ಲು ಎದ್ದಿತು. ರಸ್ತೆಯ ಬದಿಗಳಲ್ಲಿ ಹಿಮ ತೆಗೆಯುವ ಗಾಡಿ ದಬ್ಬಿದ ಗುಡ್ಡೆಗಳು ಇದ್ದಿಲಿನ ಹಾಗೆ ಕರಿದಾಗಿ ಕೂತಿದ್ದವು. ಮೂರು ತಿಂಗಳಿಂದ ಶಾಪ ಹಾಕುತ್ತಿದ್ದ ಹಿಮಕ್ಕಾಗಿ ನಾನು ರೇಡಿಯೋದ ಹವಾಮಾನ ವರದಿಗೆ ಕಿವಿಗೊಟ್ಟು ಕೂತೆ. ಹುಲ್ಲಿನಲ್ಲೇ ತೆಗೆಯೋಣ ಎಂದಳು ವಿಮಲಾ. ಉಷಾ ಐಸು ಕೇಳಿದ್ದಾಳೆ, ಐಸೇ ಬೇಕು ಎಂದೆ. ವಾಲ್ಟರನ ಮಾತು ಕಿವಿಯಲ್ಲಿ ಇನ್ನೂ ಇದ್ದರೂ ನನ್ನ ಹಟ ಹೋಗಿರಲಿಲ್ಲ.

ತಿಂಗಳ ಕೊನೆಯ ಒಂದು ಭಾನುವಾರ, ಎಲ್ಲರೂ ಚಳಿಗಾಲದ ಬೂಟು ಎತ್ತಿಟ್ಟ ಮೇಲೆ, ಮೂರಂಗುಲ ಬಿತ್ತು. ಮಧ್ಯಾಹ್ನಕ್ಕೆ ಕರಗುವುದು ಖಂಡಿತವಿತ್ತು. ವಿಮಲಾ ಸೂಟ್‌ಕೇಸಿನಿಂದ ಕೋಟು ತೆಗೆದು, "ಯಾರಿಗೂ ಹಾಕ್ಬೇಡಿ" ಎಂದಷ್ಟೇ ಹೇಳಿ ಮಧುವಿನ ತೊಡೆಯ ಮೇಲೆ ಇಟ್ಟಳು. ಅವನನ್ನು ಮೆಟ್ಟಿಲ ಮೇಲೆ ಕೂರಿಸಿದೆವು. ಅವನು ಎಂದಿನಂತೆ ಮುಖ ತಿರುಗಿಸಿದ. ಆಗ ವಿಮಲಾ ನನ್ನ ಬೆನ್ನ ಹಿಂದೆ ನಿಂತು, ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಂಡು ಕುಣಿಯತೊಡಗಿದಳಂತೆ. ನನಗೆ ಕಾಣುತ್ತಿರಲಿಲ್ಲ. ಮಧು ಕಣ್ಣರಳಿಸಿ ನಗುತ್ತಿರುವುದಷ್ಟೇ ಕಂಡಿತು. ಮುಳ್ಳನ್ನು ನೋಡದೆ, ಹಲ್ಲು ಕಚ್ಚಿ, ಎರಡು ಸ್ಟಾಪು ತೆರೆದು ಒತ್ತಿದೆ.

ಪ್ರಿಂಟು ಬಂತು. ಹಿಮ ಎಲ್ಲಿಯೂ ಇರಲಿಲ್ಲ. ನನ್ನ ಮಗ ಒಂದು ಬಿಳಿ ಹಾಳೆಯ ಮೇಲೆ ಕೂತಿದ್ದ. ಇಷ್ಟಕ್ಕೆ ಮೂರಂಗುಲ ಹಿಮಕ್ಕೆ ಕಾದೆನಲ್ಲ ಎಂದು ನಾನು ಗೊಣಗಿದೆ, ಊಟದ ಮೇಜಿನ ಮೇಲೆ ಹಿಟ್ಟು ಸುರಿದು ತೆಗೆದಿದ್ದರೂ ಆಗುತ್ತಿತ್ತು ಎಂದೆ. ಆದರೆ ಮುಖವಿತ್ತು. ಕಣ್ಣು, ಮೂಗು, ನಗುವಿನ ಗೆರೆ, ಎಡಗೆನ್ನೆಯ ಮೇಲಿನ ಮಚ್ಚೆ ಸಹ ಇತ್ತು. ವಿಮಲಾ ಅದನ್ನು ಕಿಟಕಿಯ ಬಳಿ ಒಯ್ದು ಬಹಳ ಹೊತ್ತು ನೋಡಿದಳು. ಆ ಸಲ ಫೋಟೋದ ಹಿಂದಿನ ಬರಹವನ್ನು ಅವಳೇ ಬರೆದಳು. "ಉಷಾ, ನಿನ್ನ ಕೋಟನ್ನು ತಮ್ಮ ಕಾಯುತ್ತಿದ್ದಾನೆ."

ಏಪ್ರಿಲ್ ಕೊನೆಗೆ ಉತ್ತರ ಬಂತು. ಉಷಾ ಫೋಟೋವನ್ನು ಶಾಲೆಯ ಚೀಲದಲ್ಲಿ ಇಟ್ಟುಕೊಂಡು ತಿರುಗುತ್ತಿದ್ದಾಳಂತೆ. ಕನ್ನಡಿಯ ಮುಂದೆ ನಿಂತು, "ನಂಗೂ ಇಲ್ಲೇ ಮಚ್ಚೆ ಐತೆ, ನಮ್ಮ ತಮ್ಮನೇ ಅವ್ನು" ಎಂದಳಂತೆ. ಹಿಮದ ಮಾತೇ ಎತ್ತಲಿಲ್ಲವಂತೆ. ಗಿರಿಜಕ್ಕನ ಕೊನೆಯ ಸಾಲು ಹೀಗಿತ್ತು. "ಹೋಗ್ತೀನಿ ಅಂದಿದ್ದಾಳೆ. ನಾನು ಮಾತು ಉಳಿಸ್ಕೊಳ್ತೀನಿ." ಆ ದಿನ ನಾನು ಗೆದ್ದೆ ಎಂದುಕೊಂಡೆ. ವಾಲ್ಟರನಿಗೆ ಒಂದು ಡಬ್ಬಿ ಮೈಸೂರುಪಾಕು ಒಯ್ದು ಕೊಟ್ಟೆ.

ಜೂನಿನಲ್ಲಿ ವಿಜಾಪುರದ ಡಾಕ್ಟರ ತಮ್ಮನ ಸಂಸಾರದ ಜೊತೆಗೆ ಉಷಾ ಬಂದಳು. ಡೆಟ್ರಾಯ್ಟ್ ವಿಮಾನ ನಿಲ್ದಾಣದಲ್ಲಿ ನಾವು ಮೂವರೂ ಎರಡು ಗಂಟೆ ಮೊದಲೇ ಹೋಗಿ ನಿಂತಿದ್ದೆವು. ಬಾಗಿಲು ತೆರೆಯಿತು. ಬಿಗಿಯಾಗಿ ಎರಡು ಜಡೆ ಹಾಕಿದ, ನಾನು ಬಿಟ್ಟುಬಂದಾಗ ಇದ್ದದ್ದಕ್ಕಿಂತ ಎರಡರಷ್ಟು ಉದ್ದವಾದ ಹುಡುಗಿ ಹೊರಬಂದು ಜನರನ್ನೆಲ್ಲ ಒಮ್ಮೆ ನೋಡಿದಳು. ನೋಡಿದವಳೇ ನೇರ ಮಧುವಿನ ಬಳಿಗೆ ಓಡಿಬಂದು, ಅವನ ಕೆನ್ನೆಯ ಮಚ್ಚೆಯನ್ನು ಬೆರಳಿನಿಂದ ಮುಟ್ಟಿದಳು. ಮಧು ಕಕ್ಕಾಬಿಕ್ಕಿಯಾಗಿ "ಹಾಯ್" ಎಂದ. ಅವನ ಕೈ ಹಿಡಿದಿದ್ದ ನನ್ನನ್ನು ತಲೆಯೆತ್ತಿ ನೋಡಿದಳು. ಗಿರಿಜಕ್ಕನ ಗೋಡೆಯ ಮೇಲೆ ನಮ್ಮ ಮದುವೆಯ ಫೋಟೋ ಒಂದಿತ್ತು. ಅದರಲ್ಲಿಯೂ ನಾನು ಇದೇ ದಪ್ಪ ಕನ್ನಡಕದಲ್ಲಿದ್ದೆ. "ನೀವು ಅಪ್ಪ ಅಲ್ಲೇನು?" ಎಂದಳು. ಹೌದು ಪುಟ್ಟಿ ಎಂದೆ. ಆ ಫೋಟೋದಲ್ಲಿ ವಿಮಲಾ ಜರಿಸೀರೆ ಉಟ್ಟು, ಮೊಣಕಾಲಿಗೆ ಇಳಿಯುವ ಜಡೆಯ ತುಂಬ ಮಲ್ಲಿಗೆ ಮುಡಿದಿದ್ದಳು.

ಉಷಾ ನನ್ನ ಪಕ್ಕದಲ್ಲಿದ್ದ, ಪ್ಯಾಂಟು ತೊಟ್ಟ, ಹೆಗಲ ಮಟ್ಟದ ಕೂದಲಿನ ಹೆಂಗಸಿನ ಕಡೆ ತಿರುಗಿದಳು. ವಿಮಾನದಲ್ಲಿ ಜೊತೆಗೆ ಬಂದವರು ಕಲಿಸಿದ ಹಾಗೆ, ದೊಡ್ಡವರೊಡನೆ ಮಾತಾಡುವ ಮರ್ಯಾದೆಯಿಂದ ಕೇಳಿದಳು.

"ಆಂಟಿ, ನಮ್ಮಮ್ಮ ಬಂದಿಲ್ಲೇನು?"

ಆ ಚಳಿಗಾಲದಲ್ಲಿ ನಾನು ಒಂಬತ್ತು ರೋಲು ತೆಗೆದಿದ್ದೆ. ಸ್ಕಾರ್ಫು ಇಳಿಸಿದವಳು, ಮೂಗು ಒರೆಸಿದವಳು, ಬಿದ್ದ ಕ್ಯಾಮೆರಾ ಎತ್ತಿದವಳು, ನನ್ನ ಬೆನ್ನ ಹಿಂದೆ ಕುಣಿದವಳು ಅದರಲ್ಲಿ ಒಂದರಲ್ಲೂ ಇರಲಿಲ್ಲ. ನೀನೂ ಅವನ ಪಕ್ಕ ನಿಲ್ಲು ಎಂದು ನಾನು ಒಂದು ಸಲವೂ ಹೇಳಿರಲಿಲ್ಲ. ಬಾಯಿ ತೆರೆದೆ. ಏನೂ ಹೇಳಬೇಡಿ ಎನ್ನುವ ಹಾಗೆ ವಿಮಲಾ ನನ್ನ ಮುಂಗೈಯನ್ನು ಒತ್ತಿ ಹಿಡಿದು, ಮಗಳ ಮುಂದೆ ಮೊಣಕಾಲೂರಿ ಕೂತಳು.

"ಮನೇಲಿದ್ದಾಳೆ ಪುಟ್ಟಿ" ಎಂದಳು. "ಬಾ, ನಾನು ಕರ್ಕೊಂಡು ಹೋಗ್ತೀನಿ."